ಹತ್ತು ಹೊಡೆದೂ ಸೋತವರು

ಹಾವೇರಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ಅರ್ಜುನ, ಏಕಲವ್ಯರ ಕಥೆ ಕೇಳಿಕೊಂಡು ಬೆಳೆದವರು ನಾವು. ಆದರೂ ಒಲಿಂಪಿಕ್ಸ್ ಆರ್ಚರಿಯಲ್ಲಿ ನಮಗೆ ಇದುವರೆಗೆ ಒಂದು ಕಂಚೂ ಸಿಕ್ಕಿಲ್ಲ. ವಿಶ್ವಕಪ್‌ಗಳಲ್ಲಿ ಗೆಲ್ಲುವವರು ಒಲಿಂಪಿಕ್ಸ್ ಬಂತೆಂದರೆ ಕೈ ನಡುಗಿ ಸೋಲುತ್ತಾರೆ. ನೀವು ಪತ್ರಿಕೆಯವರು ಪ್ರತಿ ಸಲವೂ ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಸಮಾಧಾನ ಹೇಳುತ್ತೀರಿ. ಧೈರ್ಯವಿಲ್ಲದವರನ್ನು ಕಳಿಸುವುದಾದರೂ ಏಕೆ? ಎಂಟನೇ ತರಗತಿ ಓದುವ ನನ್ನ ಮಗಳು ಬಿಲ್ಲು ಕೊಡಿಸು ಎಂದು ಹಟ ಹಿಡಿದಿದ್ದಾಳೆ. ಲಕ್ಷಗಟ್ಟಲೆ ಖರ್ಚಂತೆ. ಕೊಡಿಸಲೋ ಬೇಡವೋ, ನೀವೇ ಹೇಳಿ.”

ಮಾನ್ಯರೇ,

ಸಿಟ್ಟಿನಿಂದ ಬರೆದಿದ್ದೀರಿ. ಪಂದ್ಯಗಳನ್ನು ಕಣ್ಣಿಟ್ಟು ನೋಡಿದವರ ಸಿಟ್ಟು ಅದು ಎಂಬುದು ಪತ್ರದಲ್ಲೇ ಕಾಣುತ್ತದೆ, ಹಾಗಾಗಿ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ. 1988ರಲ್ಲಿ ಸೋಲ್‌ನಲ್ಲಿ ಲಿಂಬಾ ರಾಮ್, ಶ್ಯಾಮ್‌ಲಾಲ್ ಮೀನಾ, ಸಂಜೀವ ಸಿಂಗ್ ಮೊದಲ ಬಾರಿಗೆ ಭಾರತದ ಪರವಾಗಿ ಬಿಲ್ಲು ಹಿಡಿದರು. ಅಲ್ಲಿಂದ 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್ ಪದಕ ಬಂದಿಲ್ಲ ಎಂಬ ನಿಮ್ಮ ಮಾತು ನಿಜ. ಆದರೆ ಸೋತವರಿಗೆ ಧೈರ್ಯವಿರಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಪಂದ್ಯಗಳನ್ನೇ ಮುಂದಿಟ್ಟು ಹೇಳುತ್ತೇನೆ.

ಪ್ಯಾರಿಸ್‌ನಲ್ಲಿ ಧೀರಜ್ ಬೊಮ್ಮದೇವರ ಅವರ ಎರಡನೇ ಪಂದ್ಯ ಕೆನಡಾದ ಎರಿಕ್ ಪೀಟರ್ಸ್ ವಿರುದ್ಧ ನಡೆಯಿತು. ಮೂರು ಮೂರು ಬಾಣಗಳ ಐದು ಸೆಟ್ ಮುಗಿದಾಗ 5–5ರ ಸಮಬಲ. ಹೀಗಾದಾಗ ಇಬ್ಬರಿಗೂ ಒಂದೊಂದೇ ಬಾಣ. ಅದನ್ನು ಶೂಟ್‌ಆಫ್ ಎನ್ನುತ್ತಾರೆ. ಧೀರಜ್ ಬಿಟ್ಟ ಬಾಣಕ್ಕೆ ಹತ್ತು ಅಂಕ ಬಂತು, ಒಂದು ಬಾಣಕ್ಕೆ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಪೀಟರ್ಸ್ ಬಾಣಕ್ಕೂ ಹತ್ತೇ. ಪೀಟರ್ಸ್ ಬಾಣ ನಡುಬಿಂದುವಿಗೆ ಇನ್ನಷ್ಟು ಹತ್ತಿರವಿದ್ದುದರಿಂದ ಧೀರಜ್ ಹೊರಬಿದ್ದರು. ಸೋತರೆ ಮನೆಗೆ ಹೋಗಬೇಕು ಎಂದು ಗೊತ್ತಿದ್ದ ಬಾಣಕ್ಕೆ ಹತ್ತು ಅಂಕ ಗಳಿಸಿದ ಹುಡುಗನ ಕೈ ನಡುಗಿತು ಎಂದು ಹೇಗೆ ಹೇಳೋಣ?

ಟೋಕಿಯೊದಲ್ಲಿ ಅತನು ದಾಸ್ ಎದುರಿಗೆ ನಿಂತವರು ಲಂಡನ್ ಒಲಿಂಪಿಕ್ಸ್ ಚಾಂಪಿಯನ್, ಕೊರಿಯಾದ ಓ ಜಿನ್ ಹೆಯೆಕ್. ಅಲ್ಲೂ ಶೂಟ್‌ಆಫ್. ಕೊರಿಯನ್ ಒಂಬತ್ತು ಹೊಡೆದರು, ಅತನು ಹತ್ತು ಹೊಡೆದು ಗೆದ್ದರು. ಮಾರನೆಯ ದಿನ ದೀಪಿಕಾ ಕುಮಾರಿ ರಷ್ಯಾದ ಕ್ಸೆನಿಯಾ ಪೆರೋವಾ ವಿರುದ್ಧ ಹಾಗೆಯೇ ಒಂದೇ ಬಾಣದಲ್ಲಿ, ಮತ್ತೆ ಹತ್ತು ಹೊಡೆದೇ ಗೆದ್ದರು. ಅದೇ ದೀಪಿಕಾ ಕೆಲವೇ ಗಂಟೆಗಳ ನಂತರ ಕೊರಿಯಾದ ಆನ್ ಸಾನ್ ಎದುರು 0–6ರಿಂದ ಸೋತರು, ಅದರಲ್ಲಿ ಏಳು ಅಂಕದ ಬಾಣಗಳೂ ಇದ್ದವು. ಅದನ್ನು ಮುಚ್ಚಿಡುವುದಿಲ್ಲ. ಧೈರ್ಯದ ಕೊರತೆಯೇ ಕಾರಣವಾಗಿದ್ದರೆ ಬೆಳಿಗ್ಗೆಯ ಆ ಒಂಟಿ ಬಾಣವೇ ಮೊದಲು ತಪ್ಪಬೇಕಿತ್ತು.

ಈ ಆಟದ ಅಳತೆ ಎಷ್ಟು ಸೂಕ್ಷ್ಮವೆಂದು ಟಿ.ವಿ.ಯಲ್ಲಿ ಗೊತ್ತಾಗುವುದಿಲ್ಲ. ಗುರಿಹಲಗೆ ನಿಂತಿರುವುದು 70 ಮೀಟರ್ ಆಚೆ. ಹತ್ತು ಅಂಕದ ಹಳದಿ ವೃತ್ತದ ಅಡ್ಡಳತೆ 12.2 ಸೆಂಟಿಮೀಟರ್, ಹಳೆಯ ಸಿ.ಡಿ. ಒಂದರಷ್ಟು. ಬಿಲ್ಲುಗಾರನ ಕಣ್ಣಿಗೂ ಬಿಲ್ಲಿನ ಮೇಲೆ ಗುರಿ ಹಿಡಿಯಲು ಇರುವ ಸೈಟ್‌ಗೂ ನಡುವೆ ಹೆಚ್ಚುಕಡಿಮೆ ಒಂದು ಮೀಟರ್ ಅಂತರ. ಸೈಟ್ ಆ ಕಡೆಯೋ ಈ ಕಡೆಯೋ ಒಂದೇ ಒಂದು ಮಿಲಿಮೀಟರ್ ಸರಿದರೆ ಗುರಿಯಲ್ಲಿ ಏಳೆಂಟು ಸೆಂಟಿಮೀಟರ್ ವ್ಯತ್ಯಾಸವಾಗಿ, ನಟ್ಟನಡುವೆ ನಾಟಬೇಕಿದ್ದ ಬಾಣ ಒಂಬತ್ತಕ್ಕೆ ಹೋಗುತ್ತದೆ. ಗಾಳಿಯ ಮಾತು ಇನ್ನೂ ಎತ್ತಿಲ್ಲ.

ಬಿಲ್ಲಿನ ಮೇಲೆ ಕ್ಲಿಕ್ಕರ್ ಎಂಬ ಒಂದು ತೆಳುವಾದ ಲೋಹದ ಪಟ್ಟಿ ಇರುತ್ತದೆ. ಬಾಣ ಅದರ ಕೆಳಗೆ ಸಿಕ್ಕಿಕೊಂಡಿರುತ್ತದೆ. ಹೆದೆಯನ್ನು ಗಲ್ಲದ ಕೆಳಗೆ ತಂದು ನಿಲ್ಲಿಸಿದ ಮೇಲೂ ಬೆನ್ನಿನ ಸ್ನಾಯುಗಳಿಂದ ಇನ್ನೊಂದೆರಡು ಮಿಲಿಮೀಟರ್ ಎಳೆಯಬೇಕು. ಆಗ ಬಾಣದ ತುದಿ ಪಟ್ಟಿಯಿಂದ ಜಾರುತ್ತದೆ, ‘ಟಿಕ್’ ಎನ್ನುತ್ತದೆ, ಬೆರಳುಗಳು ಸಡಿಲುತ್ತವೆ. ಪ್ರತಿ ಬಾಣವನ್ನೂ ಒಂದೇ ಉದ್ದಕ್ಕೆ ಎಳೆಯಲೆಂದು ಈ ಏರ್ಪಾಡು. ಹೆದರಿದವರು ಮಾತ್ರವಲ್ಲ, ದಣಿದವರು, ಗಾಳಿ ನಿಲ್ಲಲೆಂದು ಅರೆಕ್ಷಣ ಹೆಚ್ಚು ಕಾದವರು ಕೂಡ ಆ ಕೊನೆಯ ಎರಡು ಮಿಲಿಮೀಟರ್‌ನಲ್ಲೇ ಎಡವುತ್ತಾರೆ. ಒಂದು ಬಾಣಕ್ಕೆ ಸಿಗುವ ಸಮಯ 20 ಸೆಕೆಂಡ್. ಹೆಂಗಸರ ಬಿಲ್ಲಿನ ಎಳೆತವೇ ಸುಮಾರು 18 ಕೆ.ಜಿ. ಅಭ್ಯಾಸದಲ್ಲಿ ದಿನಕ್ಕೆ ಮುನ್ನೂರು ಬಾಣ ಬಿಡುವ ಹುಡುಗಿ ಒಂದು ದಿನದಲ್ಲಿ ಐದು ಟನ್‌ಗೂ ಹೆಚ್ಚು ಭಾರ ಎಳೆದಿರುತ್ತಾಳೆ. ಅಂಥವರನ್ನು ಸೋತ ಮರುದಿನ ಹೇಡಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಅರ್ಜುನ–ಏಕಲವ್ಯರ ವಿಷಯಕ್ಕೆ ಬರುತ್ತೇನೆ. ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೇ ಏಕಲವ್ಯನ ಹೆಸರಿದೆ, ಅದು ನನಗೂ ಹೆಮ್ಮೆ. ಆದರೆ ಪುರಾಣದ ಬಿಲ್ಲಿನಿಂದ ಇಂದಿನ ಪದಕಕ್ಕೆ ನೇರ ದಾರಿ ಇಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವ ಇಂದಿನ ರಿಕರ್ವ್ ಬಿಲ್ಲಿನ ಹೆದೆಯನ್ನು ಎಳೆಯುವುದೇ ನಡುವಿನ ಮೂರು ಬೆರಳುಗಳಿಂದ. ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ಈ ಆಟ 1900ರಲ್ಲಿ ಒಲಿಂಪಿಕ್ಸ್ ಸೇರಿತು, 1920ರ ನಂತರ ಕೈಬಿಟ್ಟುಹೋಯಿತು, 1972ರಲ್ಲಿ ಮ್ಯೂನಿಕ್‌ನಲ್ಲಿ ಮರಳಿತು. ರಾಜಸ್ಥಾನದ ಉದಯಪುರ ಸೀಮೆಯ ಆದಿವಾಸಿ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಬೇಟೆಯಾಡಿ ಬೆಳೆದವರು, ಪರಂಪರೆ ಅವರ ಕೈಯಲ್ಲೇ ಇತ್ತು. ಆದರೂ ಅವರು ವಿಶ್ವಮಟ್ಟಕ್ಕೆ ಏರಿದ್ದು ಹೊಸ ಬಿಲ್ಲು ಕೈಗೆ ಬಂದು, ಶಿಬಿರದಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿತ ಮೇಲೆ.

ಹಾಗಾದರೆ ಕೊರಿಯಾ ಏಕೆ ಗೆಲ್ಲುತ್ತದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಈ ಪ್ರಶ್ನೆಯ ಮೇಲೆ ನಾನು ಬಹಳ ಯೋಚಿಸಿದ್ದೇನೆ, ನನ್ನ ಉತ್ತರ ಆಟದ ನಿಯಮದಿಂದಲೇ ಶುರುವಾಗುತ್ತದೆ. 1972ರಿಂದ 1984ರವರೆಗೆ ಒಬ್ಬೊಬ್ಬರೂ ನಾಲ್ಕು ದೂರಗಳಿಂದ ಒಟ್ಟು 288 ಬಾಣ ಬಿಡುತ್ತಿದ್ದರು, ಹೆಚ್ಚು ಅಂಕದವರಿಗೆ ಚಿನ್ನ. ಒಂದೆರಡು ಬಾಣ ಕೆಟ್ಟರೂ ಸರಿಪಡಿಸಿಕೊಳ್ಳಲು ಸಮಯವಿತ್ತು. 1992ರಲ್ಲಿ ಬಾರ್ಸಿಲೋನಾದಿಂದ ಒಬ್ಬರ ವಿರುದ್ಧ ಒಬ್ಬರು ಆಡುವ ಪದ್ಧತಿ ಬಂತು. 2012ರಲ್ಲಿ ಲಂಡನ್‌ನಲ್ಲಿ ಮೂರು ಮೂರು ಬಾಣಗಳ ಸೆಟ್ ಬಂತು. ಗೆದ್ದ ಸೆಟ್‌ಗೆ ಎರಡು ಅಂಕ, ಸಮವಾದರೆ ಒಂದೊಂದು, ಮೊದಲು ಆರು ಮುಟ್ಟಿದವರು ಗೆದ್ದ ಹಾಗೆ. ಒಂಬತ್ತೇ ಬಾಣದಲ್ಲಿ ಪಂದ್ಯ ಮುಗಿಯಬಹುದು. ಆ ವರ್ಷ ವಿಶ್ವದ ನಂಬರ್ ಒನ್ ಆಗಿ ಲಾರ್ಡ್ಸ್ ಅಂಗಳಕ್ಕೆ ಬಂದ ಹದಿನೆಂಟರ ದೀಪಿಕಾ ಮೊದಲ ಸುತ್ತಿನಲ್ಲೇ ಬ್ರಿಟನ್ನಿನ ಏಮಿ ಆಲಿವರ್‌ಗೆ ಸೋತದ್ದು ಈ ನಿಯಮದಡಿಯಲ್ಲೇ. ಇಷ್ಟು ಚಿಕ್ಕ ಪಂದ್ಯದಲ್ಲಿ ಅತ್ಯುತ್ತಮ ಆಟಗಾರ್ತಿಯೂ ಯಾವಾಗ ಬೇಕಾದರೂ ಸೋಲಬಹುದು. ಒಬ್ಬ ದೀಪಿಕಾಳ ಮೇಲೆ ಇಡೀ ದೇಶದ ಆಸೆ ಹೊರಿಸಿ ಕೂತರೆ ನಿರಾಸೆ ತಪ್ಪಿದ್ದಲ್ಲ. ಅಂಥ ಹತ್ತಾರು ಮಂದಿ ಬೇಕು, ವರ್ಷ ವರ್ಷವೂ ಬೇಕು.

ಕೊರಿಯಾ ಕಟ್ಟಿರುವುದು ಇದನ್ನೇ. ಅಲ್ಲಿ ಪ್ರಾಥಮಿಕ ಶಾಲೆಯಿಂದಲೇ ಮಕ್ಕಳು ಬಿಲ್ಲು ಹಿಡಿಯುತ್ತಾರೆ. ರಾಷ್ಟ್ರೀಯ ತಂಡದ ಆಯ್ಕೆ ತಿಂಗಳುಗಟ್ಟಲೆ, ಹಲವು ಸುತ್ತುಗಳಲ್ಲಿ, ಸಾವಿರಾರು ಬಾಣಗಳ ಲೆಕ್ಕದಲ್ಲಿ ನಡೆಯುತ್ತದೆ. ಹಳೆಯ ಪದಕಕ್ಕೆ ಅಲ್ಲಿ ಬೆಲೆ ಇಲ್ಲ. ಟೋಕಿಯೊದಲ್ಲಿ ಮೂರು ಚಿನ್ನ ಗೆದ್ದ ಆನ್ ಸಾನ್ ಪ್ಯಾರಿಸ್ ತಂಡಕ್ಕೇ ಆಯ್ಕೆಯಾಗಲಿಲ್ಲ! ಪ್ಯಾರಿಸ್‌ಗೆ ಹೋದ ಮೂವರು ಹೆಣ್ಣುಮಕ್ಕಳಿಗೂ ಅದೇ ಮೊದಲ ಒಲಿಂಪಿಕ್ಸ್. ಫೈನಲ್‌ನಲ್ಲಿ ಚೀನಾ ಎದುರು ಶೂಟ್‌ಆಫ್‌ವರೆಗೂ ಹೋಗಿ ಗೆದ್ದರು. 1988ರಿಂದ ಆ ದೇಶದ ಮಹಿಳಾ ತಂಡ ಸತತವಾಗಿ ಗೆದ್ದ ಹತ್ತನೇ ಚಿನ್ನ ಅದು. ಪ್ಯಾರಿಸ್‌ನ ಐದು ಚಿನ್ನಗಳೂ ಕೊರಿಯಾಕ್ಕೇ ಹೋದವು. ಹಾಗಿದ್ದೂ ಕಿಮ್ ವೂಜಿನ್ ಅಮೆರಿಕದ ಬ್ರಾಡಿ ಎಲಿಸನ್ ಅವರನ್ನು ಫೈನಲ್‌ನಲ್ಲಿ ಮಣಿಸಿದ ಅಂತರ 4.9 ಮಿಲಿಮೀಟರ್. ಇಬ್ಬರದೂ ಹತ್ತೇ.

ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಆಡಳಿತ. ಅಧಿಕಾರದ ಕಿತ್ತಾಟದಿಂದಾಗಿ ಭಾರತೀಯ ಆರ್ಚರಿ ಸಂಸ್ಥೆಯನ್ನು 2019ರಲ್ಲಿ ವಿಶ್ವ ಆರ್ಚರಿ ಸಂಸ್ಥೆ ಅಮಾನತು ಮಾಡಿತು. ಆ ನವೆಂಬರ್‌ನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮವರು ತ್ರಿವರ್ಣ ಧ್ವಜವಿಲ್ಲದೆ, ತಟಸ್ಥ ಧ್ವಜದಡಿ ಆಡಬೇಕಾಯಿತು. ಜ್ಯೋತಿ ಸುರೇಖಾ ಮತ್ತು ಅಭಿಷೇಕ್ ವರ್ಮಾ ಅಲ್ಲಿ ಚಿನ್ನ ಗೆದ್ದರೂ ವೇದಿಕೆಯಲ್ಲಿ ನಮ್ಮ ಬಾವುಟ ಏರಲಿಲ್ಲ. ಪ್ಯಾರಿಸ್‌ನಲ್ಲಂತೂ ತಂಡವನ್ನು ಸಜ್ಜುಗೊಳಿಸಿದ ಕೊರಿಯಾದ ಕೋಚ್ ಬೇಕ್ ಊಂಗ್ ಕಿ ಅವರಿಗೆ ಮಾನ್ಯತಾ ಪತ್ರವೇ ಸಿಗಲಿಲ್ಲ. ಅರ್ಹತಾ ಸುತ್ತಿನಲ್ಲಿ ಪುರುಷರ ತಂಡ ಮೂರನೇ ಸ್ಥಾನ, ಮಹಿಳೆಯರ ತಂಡ ನಾಲ್ಕನೇ ಸ್ಥಾನ ಪಡೆದಿದ್ದವು. ಎರಡೂ ಕ್ವಾರ್ಟರ್‌ಫೈನಲ್‌ನಲ್ಲಿ ಸೋತವು. ಧೀರಜ್–ಅಂಕಿತಾ ಭಕತ್ ಜೋಡಿ ಮಾತ್ರ ಮಿಶ್ರ ತಂಡದಲ್ಲಿ ಸೆಮಿಫೈನಲ್ ತಲುಪಿತು. ಒಲಿಂಪಿಕ್ಸ್ ಆರ್ಚರಿಯಲ್ಲಿ ಭಾರತ ಅಷ್ಟು ದೂರ ಹೋದದ್ದು ಅದೇ ಮೊದಲು. ಆ ಸಲದ ತಪ್ಪನ್ನೆಲ್ಲ ಕೋಚ್ ಇಲ್ಲದ್ದರ ತಲೆಗೆ ಕಟ್ಟುವುದಿಲ್ಲ. ಆದರೆ ವರ್ಷಗಟ್ಟಲೆ ಬೆವರು ಹರಿಸಿದ ಮಕ್ಕಳ ಹಿಂದೆ ಅವರ ಗುರು ನಿಲ್ಲದಂತೆ ಆದದ್ದು ಅನ್ಯಾಯ ಎಂದು ಹೇಳಲೇಬೇಕು.

ಇನ್ನೊಂದು ಮಾತು. ‘ಒಂದು ಕಂಚೂ ಇಲ್ಲ’ ಎಂದು ಬರೆಯುವಾಗ ಪ್ಯಾರಾಲಿಂಪಿಕ್ಸ್ ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಹರಿಯಾಣದ ಹರ್ವಿಂದರ್ ಸಿಂಗ್ ಟೋಕಿಯೊದಲ್ಲಿ ಕಂಚು ಗೆದ್ದದ್ದು ಕೊರಿಯಾದ ಆಟಗಾರನ ವಿರುದ್ಧ ಶೂಟ್‌ಆಫ್‌ನಲ್ಲಿ, ಹತ್ತು ಹೊಡೆದು. ಪ್ಯಾರಿಸ್‌ನಲ್ಲಿ ಅವರು ಚಿನ್ನವನ್ನೇ ಗೆದ್ದರು, ಫೈನಲ್ 6–0. ಅದೇ ರಿಕರ್ವ್ ಬಿಲ್ಲು, ಅದೇ 70 ಮೀಟರ್, ಅದೇ ಸೆಟ್ ನಿಯಮ. ಜಮ್ಮುವಿನ ಕಿಶ್ತ್‌ವಾಡದ ಶೀತಲ್ ದೇವಿಗೆ ಹುಟ್ಟಿನಿಂದ ಎರಡೂ ತೋಳುಗಳಿಲ್ಲ. ಕುರ್ಚಿಯ ಮೇಲೆ ಕೂತು, ಬಲಗಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಎಳೆದು ಬಾಣ ಬಿಡುತ್ತಾರೆ. ಹದಿನೇಳರ ವಯಸ್ಸಿನಲ್ಲಿ ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ 720ಕ್ಕೆ 703 ಅಂಕ ಗಳಿಸಿದರು, ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. ಇವರನ್ನು ಬಿಟ್ಟು ಭಾರತದ ಬಿಲ್ಲುಗಾರಿಕೆಯ ಲೆಕ್ಕ ಹಾಕುವುದು ನನಗೆ ಸಾಧ್ಯವಿಲ್ಲ, ನೀವೂ ಹಾಕಬೇಡಿ.

ನಿಮ್ಮ ಊರ ಮುಂದೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಉತ್ತರಕ್ಕೆ ಹೋದರೆ ಬೆಳಗಾವಿ, ಕೊಲ್ಹಾಪುರ ದಾಟಿ ಸತಾರಾ ಸಿಗುತ್ತದೆ. ಅಲ್ಲಿ ಪ್ರವೀಣ್ ಸಾವಂತ್ ಎಂಬ ಪೊಲೀಸ್ ಕಾನ್‌ಸ್ಟೆಬಲ್ ಆರ್ಚರಿ ಕಲಿಸುತ್ತಾರೆ. 2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರ ಶಿಷ್ಯೆ ಅದಿತಿ ಸ್ವಾಮಿ ಹದಿನೇಳರ ವಯಸ್ಸಿಗೇ ಮಹಿಳೆಯರ ಕಾಂಪೌಂಡ್ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಕೂಟದಲ್ಲಿ ಪುರುಷರ ಪಟ್ಟ ಗೆದ್ದ ಓಜಸ್ ದೇವತಾಳೆ ಕೂಡ ಸಾವಂತ್ ಅವರದೇ ಶಿಷ್ಯ. ಅದಿತಿಯ ತಂದೆ ಸರ್ಕಾರಿ ಶಾಲೆಯ ಮೇಷ್ಟ್ರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಐದು ಕಾಂಪೌಂಡ್ ಚಿನ್ನಗಳನ್ನೂ ಭಾರತ ಬಾಚಿಕೊಂಡಿತು, ಕೊರಿಯನ್ನರನ್ನು ಹಿಂದಿಕ್ಕಿ. ಕಾಂಪೌಂಡ್ ಬಿಲ್ಲಿನ ಎರಡೂ ತುದಿಗೆ ಗಾಲಿಗಳಿರುತ್ತವೆ, ಪೂರ್ತಿ ಎಳೆದಾಗ ಭಾರ ಇಳಿಯುತ್ತದೆ, ದೂರ 50 ಮೀಟರ್. ಅದು ಇಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ವಿಭಾಗ ಸೇರಿಕೊಳ್ಳುತ್ತಿದೆ. ಆ ಪದಕದ ಮೇಲೆ ನನಗೆ ಬಹಳ ಆಸೆಯಿದೆ. ಸತಾರಾದಲ್ಲಿ ಆದದ್ದು ಹಾವೇರಿಯಲ್ಲೋ ಗದಗದಲ್ಲೋ ಆಗಬಾರದೆಂದೇನಿಲ್ಲ. ಒಬ್ಬ ಒಳ್ಳೆಯ ಕೋಚ್, ದಿನಾ ಬಳಸಲು ಸಿಗುವ ಒಂದು ಬಯಲು, ನಾಲ್ಕು ಗುರಿಹಲಗೆ ಬೇಕು. ನಿಮ್ಮ ಶಾಸಕರಿಗೂ ಜಿಲ್ಲಾ ಕ್ರೀಡಾ ಇಲಾಖೆಗೂ ಇದೇ ಸಿಟ್ಟಿನಿಂದ ಒಂದೊಂದು ಪತ್ರ ಬರೆಯಿರಿ.

ಮಗಳ ವಿಷಯ. ಕಲಿಯಲು ಕಳಿಸಿ. ಆದರೆ ಈಗಲೇ ಲಕ್ಷದ ಬಿಲ್ಲು ಕೊಡಿಸಬೇಡಿ. ಸ್ಪರ್ಧೆಗೆ ಬೇಕಾದ ರಿಕರ್ವ್ ಸೆಟ್‌ಗೆ ಲಕ್ಷಗಟ್ಟಲೆ ಆಗುವುದು ನಿಜ, ಆದರೆ ಅದು ಮುಂದಿನ ಮಾತು. ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ: ಬಿದಿರು ಅಥವಾ ಮರದ ಬಿಲ್ಲು, ದೂರವೂ ಕಡಿಮೆ, ಖರ್ಚೂ ಕೆಲವು ಸಾವಿರಗಳ ಮಟ್ಟದ್ದು. ಅಲ್ಲಿಂದ ಶುರು ಮಾಡಿದರೆ ಸಾಕು. ಕೋಚ್‌ರನ್ನು ಆರಿಸುವಾಗ ಒಂದು ಸಂಜೆ ಮೈದಾನದ ಅಂಚಿನಲ್ಲಿ ನಿಂತು ನೋಡಿ. ಹೊಸ ಮಕ್ಕಳಿಗೆ ಮೊದಲ ದಿನವೇ ದೂರದ ಗುರಿ ತೋರಿಸುತ್ತಿದ್ದರೆ ಬೇಡ. ರಬ್ಬರ್ ಪಟ್ಟಿ ಎಳೆಸಿ ಭಂಗಿ ತಿದ್ದುತ್ತಿದ್ದರೆ, ಕಾಗದ ಅಂಟಿಸದ ಬರಿಯ ಹಲಗೆಗೆ ನಾಲ್ಕೈದು ಮೀಟರ್‌ನಿಂದ ಬಾಣ ಬಿಡಿಸುತ್ತಿದ್ದರೆ, ಎಲ್ಲರ ಬಾಣ ಮುಗಿದು ಸೀಟಿ ಊದುವವರೆಗೆ ಒಬ್ಬರನ್ನೂ ಗೆರೆ ದಾಟಲು ಬಿಡದಿದ್ದರೆ ಧೈರ್ಯವಾಗಿ ಸೇರಿಸಿ. ಮೈಗೆ ಮೀರಿದ ಎಳೆತದ ಬಿಲ್ಲನ್ನು ಬೇಗ ಕೊಟ್ಟರೆ ಭುಜ ಹಾಳಾಗುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಅವಸರವಂತೂ ಬೇಡ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಚಿನ್ನ ಗೆದ್ದ ಕ್ವೀನಿ ನ್ಯೂವಲ್‌ಗೆ ಆಗ 53 ವರ್ಷ.

ಜಿಲ್ಲೆಯಲ್ಲಿ ಕಲಿಸುವವರು ಸಿಗದಿದ್ದರೆ ಪತ್ರಿಕೆಗೆ ಬರೆಯಿರಿ. ಉತ್ತರ ಕರ್ನಾಟಕದ ಓದುಗರಲ್ಲಿ ಆರ್ಚರಿ ಕಲಿಸುವವರಿದ್ದರೆ ಅವರೂ ಬರೆಯಲಿ, ಬಂದ ಪತ್ರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ