ಗಾಣದ ಎಣ್ಣೆಯ ಸಾಬೂನು ಗಟ್ಟಿಯಾಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ಗಾಣದ ಶೇಂಗಾ ಎಣ್ಣೆ ಒಂದು ಕಿಲೋ ಹಳತಾಗಿ ಉಳಿದಿತ್ತು. ಕಾಸ್ಟಿಕ್ ಸೋಡಾ ಹಾಕಿ ಸಾಬೂನು ಮಾಡಿದೆ. ಹತ್ತು ದಿನವಾಯಿತು, ಇನ್ನೂ ಬೆಣ್ಣೆಯಂತೆಯೇ ಇದೆ. ಅಮೆರಿಕದ ಕಾರ್ವರ್ ಎಂಬ ವಿಜ್ಞಾನಿ ಶೇಂಗಾದಿಂದ ಸಾಬೂನನ್ನೂ ಮಾಡಿದ್ದರಂತೆ. ನನ್ನದೇಕೆ ಹೀಗಾಯಿತು?
– ಒಬ್ಬ ಗೃಹಿಣಿ, ಶಹಾಪುರ

ಉತ್ತರ: ತಂಗಿ, ಶೇಂಗಾ ಎಣ್ಣೆಯ ಗುಣವೇ ಅದು. ಅದರಲ್ಲಿ ಓಲಿಕ್, ಲಿನೋಲಿಕ್ ಎಂಬ, ಎಣ್ಣೆಯನ್ನು ತೆಳುವಾಗಿಡುವ ಕೊಬ್ಬಿನಾಮ್ಲಗಳು ಜಾಸ್ತಿ. ಅದಕ್ಕೇ ಸಾಬೂನು ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ನೋಡಿ, ಬೀದರಿನ ಚಳಿಗೆ ಬಾಟಲಿಯಿಂದ ಕೆಳಗಿಳಿಯುವುದೇ ಇಲ್ಲ. ಅದರ ಸಾಬೂನು ಕಲ್ಲಿನಂತೆ ಗಟ್ಟಿ, ನೊರೆಯೂ ಜಾಸ್ತಿ. ಎರಡನ್ನೂ ಬೆರೆಸಬೇಕು.

600 ಗ್ರಾಂ ಶೇಂಗಾ ಎಣ್ಣೆ, 400 ಗ್ರಾಂ ಕೊಬ್ಬರಿ ಎಣ್ಣೆ. ಇದಕ್ಕೆ 145 ಗ್ರಾಂ ಕಾಸ್ಟಿಕ್ ಸೋಡಾ, 300 ಗ್ರಾಂ ನೀರು. ಲೋಟದ ಅಳತೆ ಬೇಡ, ತಕ್ಕಡಿಯಲ್ಲೇ ತೂಗಿ. ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರು ಸುರಿಯಬೇಡಿ, ಮುಖಕ್ಕೇ ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ, ಮಕ್ಕಳು ದೂರವಿರಲಿ. ಸ್ಟೀಲ್ ಪಾತ್ರೆಯೇ ಆಗಬೇಕು. ಮೂವತ್ತು ವರ್ಷ ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸಿದ ನಾನೇ ಒಮ್ಮೆ ಮರೆತು ಅಲ್ಯೂಮಿನಿಯಂ ಪಾತೇಲಿಯಲ್ಲಿ ಕಲಸಿಟ್ಟೆ. ಬುಸುಬುಸು ಹೈಡ್ರೋಜನ್ ಎದ್ದು ಪಾತೇಲಿ ಕಪ್ಪಾಯಿತು. ಅದು ನಮ್ಮ ಮನೆಯವರ ತವರಿನ ಪಾತೇಲಿ. ಮುಂದಿನದನ್ನು ಹೇಳುವುದಿಲ್ಲ.

ಮಾಡಿದ ಮೇಲೆ ಆರು ವಾರ ಗಾಳಿಯಾಡುವ ಕಡೆ ಇಡಿ. ನಿಮ್ಮದನ್ನೂ ಹಾಗೇ ಇಟ್ಟು ನೋಡಿ. ಎಣ್ಣೆ ಬೇರೆಯಾಗಿ ತೇಲಿದರೆ ಅಥವಾ ಸೋಡಾ ತೂಗದೇ ಹಾಕಿದ್ದರೆ ಮೈಗೆ ಹಚ್ಚಬೇಡಿ. ಕಮಟು ವಾಸನೆಯ ಎಣ್ಣೆಯ ಸಾಬೂನು ಬೇಗ ಕೆಡುತ್ತದೆ. ಅದನ್ನು ಬಟ್ಟೆಗೆ ಬಳಸಿ.

ಇಷ್ಟು ಸಲೀಸಾಗಿ ಸೋಡಾ ಸಿಗುವುದು ಇತ್ತೀಚಿನ ಮಾತು. ಮೊದಲು ಬೂದಿಯ ನೀರೇ ಗತಿ. ನಮ್ಮ ಕಡೆ ಸವಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ತಲೆಗೆ ಅಂಟುವಾಳ. ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಉಪ್ಪಿನಿಂದ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ತೆಗೆಯುವ ದಾರಿಗೆ ಪೇಟೆಂಟ್ ಪಡೆದ ಮೇಲೆ ಸಾಬೂನು ಅಗ್ಗವಾಗುತ್ತ ಬಂತು. ಅಂದಹಾಗೆ, ‘ಸಾಬೂನು’ ಅನ್ನುವುದು ಅರಬ್ಬಿಯ ಸಾಬೂನ್.

ಇನ್ನು ಕಾರ್ವರ್. ಅಲಬಾಮಾದ ಟಸ್ಕೀಗಿಯಲ್ಲಿ ಮೇಷ್ಟ್ರು. ಹತ್ತಿ ಬೆಳೆದೂ ಬೆಳೆದೂ ಅಲ್ಲಿಯ ನೆಲ ಸೊರಗಿತ್ತು, ಮೇಲೆ ಕಾಯಿಹುಳುವಿನ ಕಾಟ. ಶೇಂಗಾದ ಬೇರಿನ ಗಂಟು ನೆಲಕ್ಕೆ ಸಾರಜನಕ ಕೊಡುತ್ತದಲ್ವಾ? ಅದನ್ನೇ ಬೆಳೆಯಿರಿ ಎಂದರು. ಬೆಳೆದದ್ದನ್ನು ಏನು ಮಾಡುವುದು? 1916ರಲ್ಲಿ 105 ಬಗೆಯ ಅಡುಗೆ ಬರೆದು ಕೈಪಿಡಿ ಹಂಚಿದರು. ಸಾಬೂನು, ಶಾಂಪೂ, ಬಣ್ಣ ಎಂದು ಪಟ್ಟಿ ಮುಂದೆ ಮುನ್ನೂರರ ಹತ್ತಿರ ಹೋಯಿತು. ಆದರೆ ಅಂಗಡಿಗೆ ಬಂದು ನಿಂತವು ತೀರಾ ಕಡಿಮೆ. ಶೇಂಗಾ ಬೆಣ್ಣೆಯೂ ಅವರದೇ ಅನ್ನುತ್ತಾರೆ, ಸುಳ್ಳು. ಅಂಥದ್ದಕ್ಕೆ 1884ರಲ್ಲೇ ಕೆನಡಾದ ಎಡ್ಸನ್ ಪೇಟೆಂಟ್ ಪಡೆದಿದ್ದ.

ನನ್ನನ್ನು ಕೇಳಿದರೆ, ಎಣ್ಣೆ ಹೊಸದಿರುವಾಗ ಸಾಬೂನಿನ ಗೊಡವೆಯೇ ಬೇಡ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಎರಡು ಚಮಚ ಅದೇ ಎಣ್ಣೆ.