ಹಳೇ ಕೋಡು ಅರ್ಥ ಆಗದಿದ್ರೆ ಯಾರನ್ನ ಕೇಳೋದು?

ಪ್ರಶ್ನೆ: ನಮಸ್ಕಾರ್ರಿ ಸರ್. ಧಾರವಾಡದಾಗ ಎಂಸಿಎ ಮುಗಿಸಿ ಬೆಂಗಳೂರಾಗ ಕೆಲಸಕ್ಕ ಸೇರೇನಿ. ನನಗ ಕೊಟ್ಟಿರೋ ಬಿಲ್ಲಿಂಗ್ ಮಾಡ್ಯೂಲ್ ಬರದಾವ್ರು ಕಂಪನಿ ಬಿಟ್ಟು ಹೋಗ್ಯಾರ, ಡಾಕ್ಯುಮೆಂಟ್ ಒಂದೂ ಇಲ್ಲ. ಸೀನಿಯರ್‌ನ ಕೇಳಿದ್ರ 'ಕೋಡ್ ಓದು, ತಿಳೀತದ' ಅಂತಾರ. ಓದಿದ್ರ ಏನ್ ಮಾಡ್ತದ ಅಂತ ತಿಳೀತದ, ಯಾಕ ಹಂಗ ಮಾಡ್ಯಾರ ಅಂತ ತಿಳ್ಯಂಗಿಲ್ಲ. ಪದೇ ಪದೇ ಕೇಳಿದ್ರ ದಡ್ಡ ಅಂದ್ಕೋತಾರೇನೋ ಅಂತ ಹೆದರಿಕಿ. ಏನ್ ಮಾಡ್ಲಿ?
— ಓದುಗ, ಧಾರವಾಡ

ಉತ್ತರ: ಹೆದರ್ಬೇಡಿ, ಇದ್ರಲ್ಲಿ ದಡ್ಡತನ ಏನೂ ಇಲ್ಲ. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್, 2005ರಲ್ಲಿ ಈ ಕ್ಷೇತ್ರದ ದೊಡ್ಡ ಗೌರವ ಟ್ಯೂರಿಂಗ್ ಪ್ರಶಸ್ತಿ ಬಂತಲ್ಲ ಅವ್ರೇ, 1985ರಲ್ಲೇ ಬರೆದಿದ್ರು, ಪ್ರೋಗ್ರಾಮಿನ ಅಸಲಿ ತಿಳುವಳಿಕೆ ಅದನ್ನ ಕಟ್ಟಿದವರ ತಲೇಲಿರುತ್ತೆ, ಕೋಡು ಡಾಕ್ಯುಮೆಂಟು ಎರಡ್ರಲ್ಲೂ ಪೂರ್ತಿ ಇಳಿಯಲ್ಲ, ಆ ತಂಡ ಚದುರಿದ್ರೆ ಪ್ರೋಗ್ರಾಮ್ ಸತ್ತ ಹಾಗೇ ಅಂತ. ಹಾಗಾಗಿ 'ಕೋಡ್ ಓದು' ಅನ್ನೋದು ಅರ್ಧ ಉತ್ತರ, ಇನ್ನರ್ಧ ನಿಮ್ಮ ಸೀನಿಯರ್ ಕೊಡ್ಲೇಬೇಕು.

ಆದ್ರೆ ಕೇಳೋಕೆ ಮುಂಚೆ ಗಿಟ್ ಹಿಸ್ಟರಿ, ಅಂದ್ರೆ ಕೋಡಲ್ಲಿ ಯಾವಾಗ ಏನು ಬದಲಾಯ್ತು ಅಂತ ಗಿಟ್ ಅನ್ನೋ ಸಾಫ್ಟ್‌ವೇರ್ ಇಟ್ಟ ದಾಖಲೆ, ಒಮ್ಮೆ ತಿರುವಿ ಹಾಕಿ. ಗಿಟ್ ಬ್ಲೇಮ್ ಕೊಟ್ರೆ ಯಾವ ಸಾಲು ಕೊನೇ ಸಲ ಯಾವ ಕಮಿಟ್‌ನಲ್ಲಿ (ಅಂದ್ರೆ ದಾಖಲಾದ ಯಾವ ಬದಲಾವಣೇಲಿ) ಬದಲಾಯ್ತು ಅಂತ ತೋರಿಸುತ್ತೆ, ಎಷ್ಟೋ ಸಲ ಯಾರೋ ಬರೀ ಸ್ಪೇಸ್ ಸರಿ ಮಾಡಿದ ಕಮಿಟ್‌ಗೇ ಹೋಗಿ ನಿಂತ್ಬಿಡುತ್ತೆ, ಆಗ ಗಿಟ್ ಲಾಗ್‌ಗೆ ಮೈನಸ್ ದೊಡ್ಡ ಎಸ್ (-S) ಹಾಕಿ ಆ ವೇರಿಯಬಲ್ ಹೆಸರು ಕೊಡಿ, ಆ ಹೆಸರು ಕೋಡಿಗೆ ಸೇರಿದ, ಹೋದ ಕಮಿಟ್‌ಗಳು ಸಿಗುತ್ತೆ.

ಬಿಲ್ಲಿಂಗ್ ಅಂದ್ರಲ್ಲ, ಅದ್ರಲ್ಲೇ ಒಂದು ಉದಾಹರಣೆ. 10.03 ರೂಪಾಯಿಯ ಮೂರು ಐಟಂ, 18% ಜಿಎಸ್‌ಟಿ. ಒಂದೊಂದಕ್ಕೂ ತೆರಿಗೆ ಹಾಕಿ ರೌಂಡ್ ಮಾಡಿದ್ರೆ 1.81, ಮೂರಕ್ಕೆ 5.43. ಮೊದ್ಲು ಕೂಡಿಸಿ 30.09ಕ್ಕೆ ತೆರಿಗೆ ಹಾಕಿ ಕೊನೇಲಿ ರೌಂಡ್ ಮಾಡಿದ್ರೆ 5.42. ಲೂಪ್ ಒಳಗೆ, ಅಂದ್ರೆ ಒಂದೊಂದು ಐಟಂಗೂ ಮತ್ತೆ ಮತ್ತೆ ಓಡೋ ಕೋಡಲ್ಲಿ, ರೌಂಡಿಂಗ್ ಇರೋದನ್ನ ನೋಡಿ ಹೊಸಬರು 'ಇದೇನು, ಹೊರಗಿಟ್ರೆ ಕ್ಲೀನಾಗಿರುತ್ತೆ' ಅಂತ ಬದಲಾಯಿಸ್ತಾರೆ, ತಿಂಗಳ ಕೊನೆಗೆ ಅಕೌಂಟ್ಸ್‌ನವರಿಗೆ ಪೈಸೆ ಲೆಕ್ಕ ತಾಳೆ ಆಗಲ್ಲ. ಅವತ್ತು ಬರೆದವರು ಕಮಿಟ್ ಮೆಸೇಜ್‌ನಲ್ಲಿ, ಅಂದ್ರೆ ಬದಲಾವಣೆ ಜೊತೆ ಬರೆಯೋ ಟಿಪ್ಪಣೀಲಿ, 'ಫಿಕ್ಸ್' ಅಂತ ಒಂದೇ ಪದ ಗೀಚದೆ, 'ಅಕೌಂಟ್ಸ್ ಸಾಫ್ಟ್‌ವೇರ್ ಐಟಂಗೊಂದು ಸಲ ರೌಂಡ್ ಮಾಡುತ್ತೆ, ಅದಕ್ಕೆ ಇಲ್ಲೂ ಹಾಗೇ' ಅಂತ ಒಂದು ಸಾಲು ಹಾಕಿದ್ರೆ ಸಾಕಿತ್ತು. ಕಮಿಟ್ ಮೆಸೇಜ್ ಅಸಡ್ಡೆಯಿಂದ ಬರೆಯೋದು ನನಗಂತೂ ಸಹಿಸೋಕಾಗಲ್ಲ, ಮುಂದೆ ಬರೋರಿಗೆ ಮಾಡೋ ಅನ್ಯಾಯ ಅದು.

ಇಷ್ಟು ನೋಡ್ಕೊಂಡು ಹೋಗಿ, 'ಅರ್ಥ ಆಗ್ತಿಲ್ಲ ಸರ್' ಅನ್ನೋ ಬದ್ಲು 'ರೌಂಡಿಂಗ್ ಲೂಪ್ ಒಳಗಿದೆ, ಇಂಥ ಕಮಿಟ್‌ನಲ್ಲಿ ಬಂದಿದೆ, ಅಕೌಂಟ್ಸ್ ಜೊತೆ ತಾಳೆ ಆಗ್ಲಿ ಅಂತಾನಾ?' ಅಂತ ಕೇಳಿ, ಹೀಗೆ ಕೇಳಿದೋರನ್ನ ಯಾರೂ ದಡ್ಡ ಅನ್ನಲ್ಲ. ಆದಷ್ಟೂ ಟೀಮ್ ಚಾನೆಲ್‌ನಲ್ಲೇ ಕೇಳಿ, ಒಬ್ಬರಿಗೇ ಪರ್ಸನಲ್ ಮೆಸೇಜ್ ಹಾಕಿದ್ರೆ ಉತ್ತರ ಅಲ್ಲೇ ಹೂತು ಹೋಗುತ್ತೆ. ಉತ್ತರ ಸಿಕ್ಕ ದಿನವೇ ಆ ಸಾಲಿನ ಮೇಲೆ ಕಾಮೆಂಟ್ ಬರೀರಿ, 5.43 ಬರಲೇಬೇಕು ಅಂತ ಒಂದು ಟೆಸ್ಟೂ ಹಾಕಿ. ನಾಳೆ ಅಂದ್ರೆ ಮರ್ತೋಗುತ್ತೆ.

ಪ್ರಶ್ನೆ: ಮೈಸೂರಲ್ಲಿ ಒಂದು ಸಣ್ಣ ಟೀಮಿಗೆ ಲೀಡ್ ನಾನು. ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸ್ತಿರೋ ಸಿಸ್ಟಮ್‌ನಲ್ಲಿ) ಏನಾದ್ರೂ ಕೆಟ್ರೆ ಹುಡುಗ್ರು ಮುಚ್ಚಿಡ್ತಾರೆ, ಹಾಗಾಗಿ ಅದೇ ತಪ್ಪು ಮತ್ತೆ ಮತ್ತೆ ಆಗ್ತಿದೆ. ಹೇಗೆ ಬಾಯಿ ಬಿಡಿಸೋದು?
— ಓದುಗರು, ಮೈಸೂರು

ಉತ್ತರ: ಮೊದ್ಲು 'ಯಾರು ಮಾಡಿದ್ದು' ಅಂತ ಕೇಳೋದು ನಿಲ್ಲಿಸಿ ಮೇಡಂ. 2017ರ ಜನವರಿ 31ರಂದು ಕೋಡ್ ಇಟ್ಟುಕೊಳ್ಳೋ ಸೇವೆ ಕೊಡೋ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ಸೆಕೆಂಡರಿ, ಅಂದ್ರೆ ನಕಲು ಇಟ್ಟ ಸರ್ವರ್ ಅಂದ್ಕೊಂಡು ಮುಖ್ಯ ಸರ್ವರ್‌ನಲ್ಲೇ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ರು, ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ದಿನಾ ಆಗ್ಬೇಕಿದ್ದ ಬ್ಯಾಕಪ್, ಡೇಟಾಬೇಸಿಗೂ ಬ್ಯಾಕಪ್ ಟೂಲಿಗೂ ವರ್ಷನ್ ಹೊಂದದೆ, ಫೇಲ್ ಆಗ್ತಾ ಇತ್ತು, ಫೇಲ್ ಆಯ್ತು ಅನ್ನೋ ಮೇಲ್ ಕೂಡ ತಲುಪ್ತಿರ್ಲಿಲ್ಲ. ಯಾರೋ ಕೈಯಾರೆ ತೆಗೆದಿಟ್ಟಿದ್ದ ಆರು ಗಂಟೆ ಹಿಂದಿನ ಕಾಪಿ ಕಾಪಾಡ್ತು.

ಅವ್ರು ಇದ್ಯಾವುದನ್ನೂ ಮುಚ್ಚಿಡ್ಲಿಲ್ಲ, ರಿಪೇರಿ ಕೆಲಸ ಯೂಟ್ಯೂಬ್‌ನಲ್ಲಿ ಲೈವ್ ಹಾಕಿದ್ರು, ಆಮೇಲೆ ಬರೆದ ವರದೀಲಿ ಆ ಎಂಜಿನಿಯರ್ ಹೆಸರೂ ಹಾಕ್ಲಿಲ್ಲ. ಹೀಗೆ ಮತ್ತೆ ಆಗದ ಹಾಗೆ ಮಾಡ್ಬೇಕಾದ ಕೆಲಸಗಳ ಪಟ್ಟಿ ಮಾಡಿದ್ರು. ಅದ್ರಲ್ಲೊಂದು ನನಗೆ ತುಂಬಾ ಹಿಡಿಸಿದ್ದು, ಯಾವ ಸರ್ವರ್‌ನಲ್ಲಿದೀನಿ ಅಂತ ಕಣ್ಣಿಗೆ ಹೊಡೆಯೋ ಹಾಗೆ ಕಮಾಂಡ್ ಟೈಪ್ ಮಾಡೋ ಟರ್ಮಿನಲ್‌ನ ಪ್ರಾಂಪ್ಟ್ (ಸಾಲಿನ ಶುರುವಲ್ಲಿ ಕಾಣೋ ಗುರುತು) ಬದಲಾಯಿಸೋದು. ಒಬ್ಬರಿಗೆ ಬೈದು ಕಳಿಸಿದ್ರೆ ಇಂಥ ಉಪಾಯ ಯಾರಿಗೂ ಹೊಳೀತಿರ್ಲಿಲ್ಲ.

ನೀವೂ ಹಾಗೇ ಮಾಡಿ. ಎಷ್ಟೊತ್ತಿಗೆ ಏನಾಯ್ತು, ಆಗ ಸ್ಕ್ರೀನ್ ಮೇಲೆ ಏನ್ ಕಾಣ್ತಿತ್ತು, ಯಾಕೆ ಅದು ಸರಿ ಅನ್ನಿಸ್ತು ಅಂತ ಒಂದೇ ಪುಟ ಬರೆಸಿ, ಹೆಸರು ಬೇಡ. ಮೊದಲ ಪುಟ ನಿಮ್ಮ ಕೈಯಿಂದ ಆದ ಎಡವಟ್ಟಿನದೇ ಇರ್ಲಿ, ಲೀಡ್ ಬರೆದ್ರೆ ಹುಡುಗ್ರಿಗೆ ಧೈರ್ಯ ಬರುತ್ತೆ. ಮತ್ತೆ, ಆ ಪುಟಗಳನ್ನ ಅಪ್ರೈಸಲ್ ಹೊತ್ತಲ್ಲಿ ಮಾತ್ರ ದಯವಿಟ್ಟು ತೆಗೀಬೇಡಿ.