ಸಂಪಾದಕರ ಉತ್ತರ: ಬೆಂಕಿಯೊಳಗಿನ ಒಣದ್ರಾಕ್ಷಿ

ಪ್ರಶ್ನೆ: ಅಗಾಥಾ ಕ್ರಿಸ್ಟಿಯ ‘ಹ್ಯಾಲೋವೀನ್ ಪಾರ್ಟಿ’ ಓದುತ್ತಿದ್ದೇನೆ. ಅದರಲ್ಲಿ ಮಕ್ಕಳು ‘ಸ್ನ್ಯಾಪ್‌ಡ್ರ್ಯಾಗನ್’ ಆಡುತ್ತಾರೆ. ನಿಘಂಟಿನಲ್ಲಿ ಅದು ಹೂವು ಅಂತಿದೆ. ಮೊಮ್ಮಗನನ್ನು ಕೇಳಿದರೆ ಮೊಬೈಲ್ ಚಿಪ್ ಅಂತಾನೆ. ಇದೇನು ಆಟ? ಮಕ್ಕಳು ನಿಜವಾಗಿ ಬೆಂಕಿಗೆ ಕೈ ಹಾಕುತ್ತಿದ್ದರಾ? ಈಗಲೂ ಆಡುತ್ತಾರಾ?
– ಓದುಗರೊಬ್ಬರು, ಶಿವಮೊಗ್ಗ

ಹೌದು, ನಿಜವಾಗಿಯೇ ಬೆಂಕಿಗೆ ಕೈ ಹಾಕುತ್ತಿದ್ದರು. ನಿಘಂಟೂ ತಪ್ಪಿಲ್ಲ, ನಿಮ್ಮ ಮೊಮ್ಮಗನೂ ತಪ್ಪಿಲ್ಲ. ಪಕ್ಕದಲ್ಲಿ ಒತ್ತಿದರೆ ಬಾಯಿ ತೆರೆಯುವ ಒಂದು ಹೂವಿಗೆ ಆ ಹೆಸರಿದೆ. ಚಿಪ್ ಕ್ವಾಲ್‌ಕಾಮ್ ಕಂಪನಿಯದು, ಆ ಹೆಸರಲ್ಲಿ ಬಂದದ್ದು 2007ರಲ್ಲಿ. ನಿಮ್ಮ ಕಾದಂಬರಿಯಲ್ಲಿರುವುದು ಬೇರೆಯದೇ, ಇಂಗ್ಲೆಂಡಿನ ಮನೆಗಳ ಹಳೇ ಹಬ್ಬದ ಆಟ.

ಆಡುವುದು ಹೀಗೆ. ಅಗಲವಾದ, ಆಳವಿಲ್ಲದ ಬಟ್ಟಲಿಗೆ ಒಣದ್ರಾಕ್ಷಿ ಹಾಕಿ, ಮೇಲೆ ಬ್ರಾಂದಿ ಸುರಿದು ಕಡ್ಡಿ ಗೀರುತ್ತಾರೆ. ಕೋಣೆಯ ದೀಪಗಳನ್ನೆಲ್ಲ ಆರಿಸುತ್ತಾರೆ. ಬಟ್ಟಲ ತುಂಬ ನೀಲಿ ಜ್ವಾಲೆ. ಸುತ್ತ ನಿಂತವರು ಅದರೊಳಗೆ ಬೆರಳು ಹಾಕಿ ದ್ರಾಕ್ಷಿ ಕಸಿದು, ಉರಿಯುತ್ತಿರುವಾಗಲೇ ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಬೇಕು. ಗಾಳಿ ಸಿಗದೆ ಬೆಂಕಿ ಆರುತ್ತದೆ, ಆಮೇಲೆ ಅಗಿದು ತಿನ್ನುವುದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಹೆಚ್ಚುಕಡಿಮೆ ಇದನ್ನೇ ಒಂದೇ ವಾಕ್ಯದಲ್ಲಿ ಬರೆದು ಮುಗಿಸಿದ್ದಾನೆ.

ಆದರೆ ನನಗೆ ಕೇಳಿದರೆ ಆಟದ ಅಸಲಿ ಮಜಾ ದ್ರಾಕ್ಷಿಯಲ್ಲಿ ಇರಲೇ ಇಲ್ಲ, ಇದ್ದದ್ದು ಮುಖಗಳಲ್ಲಿ. ಕತ್ತಲೆಯಲ್ಲಿ ಕೆಳಗಿನಿಂದ ಬೆಳಕು ಬಿದ್ದರೆ ಸ್ವಂತ ಅಕ್ಕನ ಮುಖವೂ ದೆವ್ವದ ಹಾಗೆ ಕಾಣುತ್ತದೆ, ಅಲ್ವಾ? ಅದೂ ಸಾಲದು ಅಂತ ಕೆಲವರು ಉರಿಗೆ ಒಂದು ಚಿಟಿಕೆ ಉಪ್ಪು ಎಸೆಯುತ್ತಿದ್ದರು. ಉಪ್ಪಿನ ಸೋಡಿಯಂ ಹಳದಿ ಬೆಳಕು ಕೊಡುತ್ತದೆ, ಆ ಬೆಳಕಲ್ಲಿ ಬೇರೆ ಬಣ್ಣ ಕಾಣುವುದಿಲ್ಲ, ಕೆಂಪು ತುಟಿ ಕೂಡ ಕಪ್ಪಾಗಿ ಹೆಣದ ಮುಖವಾಗಿಬಿಡುತ್ತದೆ! ‘ಸ್ನಿಪ್, ಸ್ನ್ಯಾಪ್, ಡ್ರ್ಯಾಗನ್’ ಅಂತ ಪಲ್ಲವಿ ಬರುವ ಹಾಡೊಂದು ಬೇರೆ ಇತ್ತು. ಉರಿಯುವ ಬಟ್ಟಲೇ ಡ್ರ್ಯಾಗನ್, ಅದರ ಬಾಯಿಂದ ತಟ್ಟನೆ ಕಸಿಯಬೇಕು.

ಕೈ ಸುಡುವುದಿಲ್ಲವೇ? ಸುಡುತ್ತದೆ, ನಿಧಾನ ಮಾಡಿದರೆ. ಮಂಗಳಾರತಿಯ ಮೇಲೆ ಕೈ ಸವರಿಕೊಂಡು ಕಣ್ಣಿಗೊತ್ತಿಕೊಳ್ಳುವಾಗ ನಮಗೆ ಏನೂ ಆಗದ ಹಾಗೆ, ಚುರುಕಾಗಿ ತೆಗೆದವರು ಪಾರಾಗುತ್ತಿದ್ದರು. ಬ್ರಾಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಉರಿಯ ಅಬ್ಬರವೂ ಸ್ವಲ್ಪ ಕಡಿಮೆ. ಹಾಗಂತ ಮಕ್ಕಳ ಮುಂದೆ ಉರಿಯುವ ಸಾರಾಯಿ ಇಡುವ ಧೈರ್ಯ ನನಗಂತೂ ಇಲ್ಲ, ಬಟ್ಟಲು ಮಗುಚಿದರೆ ಏನು ಗತಿ.

ವಿಜ್ಞಾನಿ ಮೈಕೆಲ್ ಫ್ಯಾರಡೆಗೂ ಈ ಆಟ ಗೊತ್ತಿತ್ತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಮೇಣದಬತ್ತಿಯ ಬಗ್ಗೆ ಉಪನ್ಯಾಸ ಕೊಟ್ಟಾಗ, ಮೊದಲ ದಿನವೇ ಸ್ನ್ಯಾಪ್‌ಡ್ರ್ಯಾಗನ್ ಮಾಡಿ ತೋರಿಸಿದ. ಒಣದ್ರಾಕ್ಷಿಗಳೇ ಇಲ್ಲಿ ಬತ್ತಿ, ಅದಕ್ಕೇ ಜ್ವಾಲೆ ನಾಲಿಗೆ ನಾಲಿಗೆಯಾಗಿ ಏಳುತ್ತದೆ ಅಂದ. ತಟ್ಟೆ ಬಿಸಿಯಾಗಿರಬೇಕು ಅಂತಲೂ ಹೇಳಿದ. ಅದಕ್ಕೆ ಕಾರಣ ಇದೆ: ಬ್ರಾಂದಿ ಸುಮಾರು 26 ಡಿಗ್ರಿಗೆ ಬರುವ ತನಕ ಅದರಿಂದ ಏಳುವ ಆವಿ ಹೊತ್ತಿಕೊಳ್ಳಲು ಸಾಲುವುದಿಲ್ಲ, ಲಂಡನ್ನಿನ ಡಿಸೆಂಬರ್ ಚಳಿಯಲ್ಲಿ ತಣ್ಣನೆ ಬ್ರಾಂದಿಗೆ ಎಷ್ಟು ಕಡ್ಡಿ ಗೀರಿದರೂ ಸುಮ್ನೆ ದಂಡ.

ಷೇಕ್ಸ್‌ಪಿಯರ್ ಕಾಲದಲ್ಲಿ ಇದನ್ನು ಫ್ಲ್ಯಾಪ್‌ಡ್ರ್ಯಾಗನ್ ಅನ್ನುತ್ತಿದ್ದರು. ಆಗ ಇದು ಕುಡುಕರ ಪೌರುಷದ ಆಟ. ಉರಿಯುವುದನ್ನು ಪಾನೀಯದ ಸಮೇತ ನುಂಗಬೇಕು. ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಒಬ್ಬ ಪುಟ್ಟ ಹುಡುಗನಿಗೆ, ನಿನ್ನನ್ನು ಫ್ಲ್ಯಾಪ್‌ಡ್ರ್ಯಾಗನ್‌ಗಿಂತ ಸಲೀಸಾಗಿ ನುಂಗಬಹುದು ಅಂತ ಛೇಡಿಸುತ್ತಾರೆ. ಮುಂದೆ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಅದು ಮಕ್ಕಳೂ ಸೇರುವ ಮನೆಯಾಟವಾಗಿತ್ತು. ಲೂಯಿಸ್ ಕ್ಯಾರಲ್ 1871ರಲ್ಲಿ ಆಲಿಸ್‌ಳ ಎರಡನೇ ಕತೆಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ ನೊಣ ಅಂತ ಒಂದು ಹುಳು ಮಾಡಿದ್ದಾನೆ. ಅದರ ಮೈ ಪ್ಲಮ್ ಪುಡಿಂಗ್ ಅನ್ನುವ ಕ್ರಿಸ್‌ಮಸ್ ಸಿಹಿತಿಂಡಿ, ತಲೆ ಬ್ರಾಂದಿಯಲ್ಲಿ ಉರಿಯುವ ದ್ರಾಕ್ಷಿ.

ಅಂದರೆ ಇದು ಹೆಚ್ಚಾಗಿ ಕ್ರಿಸ್‌ಮಸ್ ಆಟ. ಕ್ರಿಸ್ಟಿ ಅದನ್ನು ಅಕ್ಟೋಬರಿನ ಹ್ಯಾಲೋವೀನ್ ರಾತ್ರಿಗೆ ತಂದಿದ್ದಾರೆ. ಆ ಪುಸ್ತಕ ಬಂದ 1969ರ ಹೊತ್ತಿಗೇ ಇದು ಅಜ್ಜಿ ಕಾಲದ ಆಟ, ಈಗ ಆಡುವವರು ತೀರಾ ಅಪರೂಪ. ಆದರೂ ಅವರು ಇದನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ನನಗೆ ಅರ್ಥವಾಗುತ್ತದೆ. ದೀಪ ಆರಿಸಿದ ಕೋಣೆ, ಎಲ್ಲರ ಕಣ್ಣೂ ಬಟ್ಟಲ ಮೇಲೆ, ಯಾರು ಒಳಗಿದ್ದರು ಯಾರು ಹೊರಗೆ ಹೋದರು ಅಂತ ನೋಡುವವರಿಲ್ಲ. ಪತ್ತೇದಾರಿ ಕತೆಗೆ ಇನ್ನೇನು ಬೇಕು? ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ನೀವಿನ್ನೂ ಓದಿ ಮುಗಿಸಿಲ್ಲ.